ನಿಧಾನದವರು ಮುಂದೆ

ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂತವನನ್ನು ಹಿಡಿಯಲು ಟಿಕೆಟ್ ಕೇಳಬೇಕಾಗಿಲ್ಲ, ಕತ್ತು ನೋಡಿದರೆ ಸಾಕು ಎಂಬುದು ಚೆಕಿಂಗಮ್ಮನ ಮಾತು. ಟಿಕೆಟ್ ಇದ್ದವನು ಚೆಕಿಂಗ್‌ನವರು ಹತ್ತಿದ ಕೂಡಲೇ ತಿರುಗಿ ನೋಡುತ್ತಾನೆ, ಜೇಬು ತಡಕುತ್ತಾನೆ, ಸಿಗದೆ ಬೆವರುತ್ತಾನೆ. ಇಲ್ಲದವನು ಹುಟ್ಟಿದ ಮೇಲೆ ಅದೇ ಮೊದಲ ಸಲ ಮರ ಕಂಡವನಂತೆ ಕಿಟಕಿಯ ಹೊರಗೆ ನೋಡುತ್ತ ಕೂತಿರುತ್ತಾನೆ. 'ಟಿಕೆಟ್' ಎಂದರೆ ಅವನಿಗೆ ಕೇಳಿಸುವುದಿಲ್ಲ. ಇನ್ನೊಂದು ಸಲ ಎಂದರೂ ಕೇಳಿಸುವುದಿಲ್ಲ. ಭುಜ ತಟ್ಟಿದರೆ ಮಾತ್ರ ನಿದ್ದೆಯಿಂದ ಎದ್ದವನಂತೆ ಕಣ್ಣು ಬಿಡುತ್ತಾನೆ. ಈ ಜಾಣಕಿವುಡಿಗೆ ಆಕೆಯ ಹತ್ತಿರ ಒಂದೇ ಮದ್ದು. ನೇರ ಎದುರಿಗೆ ಹೋಗಿ ನಿಂತು, "ಮುಖ ಕೊಟ್ಟು ಮಾತಾಡಿ" ಎನ್ನುವುದು.

ಚೆಕಿಂಗಮ್ಮ ಎಂದು ಹೆಸರಿಟ್ಟವರು ಡಿಪೋದ ಡ್ರೈವರ್‌ಗಳು. ಮೊದಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು, ಕೊನೆಗೆ ಆಕೆಯೂ ಓಗೊಡತೊಡಗಿದಳು. ಕಂಡಕ್ಟರ್ ಆಗಿ ಸೇರಿ, ವರ್ಷಗಟ್ಟಲೆ ಎಂಜಿನ್ನಿನ ಪಕ್ಕದಲ್ಲೇ ನಿಂತು ಸ್ಟಾಪಿನ ಹೆಸರುಗಳನ್ನು ಕೂಗಿ ಕೂಗಿ ಚೆಕಿಂಗ್‌ಗೆ ಬಡ್ತಿ ಪಡೆದವಳು. ಈ ಕೆಲಸದ ಗುಟ್ಟೆಂದರೆ ಸ್ಟಾಪಿನಲ್ಲಿ ಎದ್ದು ಕಾಣುವ ಹಾಗೆ ನಿಲ್ಲಬಾರದು. ಸ್ಟಾಪಿಗಿಂತ ಸ್ವಲ್ಪ ಮುಂಚೆ ಯಾವುದಾದರೂ ಗೂಡಂಗಡಿಯ ಹಿಂದೆ, ಮರದ ಮರೆಯಲ್ಲಿ ಕಾದಿದ್ದು, ಬಸ್ಸು ನಿಧಾನವಾದಾಗ ಹಿಂಬಾಗಿಲಿಂದ ಹತ್ತಬೇಕು. "ಹೇಳಿ ಹತ್ತಿದರೆ ಎಲ್ಲರೂ ಸಾಚಾಗಳೇ" ಎಂದು ಹೊಸದಾಗಿ ಸೇರಿದವರಿಗೆ ಪಾಠ ಹೇಳುತ್ತಿದ್ದಳು.

ಮನೆಗೆ ಬಂದರೆ ಸಮವಸ್ತ್ರ ಕಳಚುತ್ತಿತ್ತೇ ಹೊರತು ಆ ಕಣ್ಣು ಕಳಚುತ್ತಿರಲಿಲ್ಲ. ತರಕಾರಿಯವನ ತಕ್ಕಡಿಯ ಮೇಲೆ ಅನುಮಾನ, ಪಕ್ಕದ ಮನೆಯವಳ ನಗುವಿನ ಮೇಲೆ ಅನುಮಾನ, ಕಾರಣವಿಲ್ಲದೆ ಒಳ್ಳೆಯ ಮಾತಾಡುವವರ ಮೇಲಂತೂ ಖಚಿತ ಅನುಮಾನ. ಇತ್ತೀಚೆಗೆ ಇದು ಇನ್ನಷ್ಟು ಜಾಸ್ತಿಯಾಗಿತ್ತು. ಹೊಸ ಕಂಡಕ್ಟರ್‌ಗಳು ಬಾಯಲ್ಲಿ ಏನೋ ಇಟ್ಟುಕೊಂಡವರಂತೆ ಗೊಣಗುತ್ತಾರೆ, ಗಟ್ಟಿಯಾಗಿ ಹೇಳು ಎಂದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಕಂಪನಿ ತರಿಸಿದ ಹೊಸ ಬಸ್ಸುಗಳು ಕಳ್ಳಬೆಕ್ಕಿನ ಹಾಗೆ ಬಂದು ಪಕ್ಕದಲ್ಲಿ ನಿಲ್ಲುತ್ತವೆ. ಕಾಲ ಕೆಟ್ಟಿತು, ಯಾರೂ ಬಾಯಿ ಬಿಟ್ಟು ಮಾತಾಡುವುದಿಲ್ಲ, ಎಲ್ಲರೂ ಏನೋ ಮುಚ್ಚಿಡುತ್ತಿದ್ದಾರೆ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು.

ಇದನ್ನು ಕೇಳಿ ನಗುವವರು ನಗಲಿ. ಆದರೆ ಆಕೆಯ ಗಂಡ ಹೋದ ಬಗೆಯನ್ನೂ ಕೇಳಿಕೊಂಡು ನಗಬೇಕು. ಅವನು ಕಿಟಕಿಗಳಿಗೆ ಗಾಜು ಕೂರಿಸುವವನು, ಮೆತ್ತಗಿನ ಮನುಷ್ಯ, ಜಗಳವಾಡಿ ಹೋದವನಲ್ಲ. ಹೋಗುವ ಮುಂಚೆ ಕೆಲವು ತಿಂಗಳು ಮನೆಯಲ್ಲಿ ಬರೀ ಪಿಸುಮಾತು. ಬಾಗಿಲ ಸಂದಿಯಲ್ಲಿ ನಿಂತು ಫೋನಿನಲ್ಲಿ ಗುಸುಗುಸು ಅನ್ನುವುದು, ಆಕೆ ಬಂದರೆ "ಸರಿ ಸರಿ" ಎಂದು ಇಟ್ಟುಬಿಡುವುದು. ಊರವರ ಕತ್ತು ನೋಡಿಯೇ ಕಳ್ಳತನ ಹಿಡಿಯುತ್ತಿದ್ದವಳಿಗೆ ಪಕ್ಕದ ದಿಂಬಿನ ಮೇಲಿನ ಕತ್ತು ಕಾಣಲಿಲ್ಲ. ದೀಪದ ಕೆಳಗೆ ಕತ್ತಲು ಅನ್ನುತ್ತಾರಲ್ಲ, ಹಾಗೆ. ಒಂದು ಬೆಳಿಗ್ಗೆ "ಸಂಜೆ ಬರ್ತೀನಿ" ಎಂದು ಹೋದವನು ಬರಲಿಲ್ಲ. ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಆಮೇಲೆ ಯಾರೋ ಬಂದು ಹೇಳಿ, ಆಕೆಯ ಮುಖ ಏನಾಗುತ್ತದೆಂದು ನೋಡಿ ಹೋದರು. ಅಂದಿನಿಂದ ಆಕೆಗೆ ಒಂದು ನಂಬಿಕೆ ಕಲ್ಲಿನ ಹಾಗೆ ಕೂತುಬಿಟ್ಟಿತು: ಮನೆಯಲ್ಲಿ ಗುಸುಗುಸು ಶುರುವಾದರೆ ಯಾರೋ ಬಿಟ್ಟು ಹೋಗುವವರಿದ್ದಾರೆ.

ಆ ವರ್ಷದ ಚಳಿಗಾಲದ ರಜೆಯಲ್ಲಿ ಮನೆಯಲ್ಲಿ ಕೂತರೆ ನೆರೆಹೊರೆಯವರು ಒಬ್ಬೊಬ್ಬರಾಗಿ ಬಂದು "ಅಯ್ಯೋ ಪಾಪ" ಅನ್ನುತ್ತಾರೆಂದು ಹೆದರಿ, ಆಕೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಊರಾಚೆಯ ಗುಡ್ಡಕ್ಕೆ ಹೋದಳು. ದೊಡ್ಡವಳಿಗೆ ಆಗ ಹಲ್ಲು ಬೀಳುವ ವಯಸ್ಸು, ಚಿಕ್ಕವಳು ಪುಟ್ಟಿಗೆ ಎತ್ತಿಕೋ ಎಂದು ಅಳುವ ವಯಸ್ಸು. ದೊಡ್ಡವಳು ಜಿಂಕೆಯ ಹಾಗೆ ಮುಂದೆ ಓಡಿ ಒಂದು ತಿರುವಿನಲ್ಲಿ ಕಾಣದಾದಳು. ಆಕೆ ಓಡಿ ಹೋಗಿ ರಟ್ಟೆ ಹಿಡಿದು ನಿಲ್ಲಿಸಿ, ಅಲ್ಲೇ ಕಾನೂನು ಮಾಡಿದಳು: ಎಲ್ಲರಿಗಿಂತ ನಿಧಾನದವರು ಎಲ್ಲರಿಗಿಂತ ಮುಂದೆ, ಅವರನ್ನು ದಾಟಿ ಯಾರೂ ಹೋಗಕೂಡದು. ಪುಟ್ಟಿ ಮುಂದೆ, ದೊಡ್ಡವಳು ನಡುವೆ, ಕೊನೆಗೆ ಆಕೆ. ಹಿಂದೆ ಇದ್ದವರಿಗೆ ಎಲ್ಲ ಕಾಣುತ್ತದೆ. ಗುಡ್ಡದ ತುದಿಯಲ್ಲಿ ಕೂತು ಫ್ಲಾಸ್ಕಿನ ಚಹಾ, ಬ್ರೆಡ್ಡು, ಬೇಯಿಸಿದ ಮೊಟ್ಟೆ. ಬರುವಾಗಲೂ ಅದೇ ಸಾಲು.

ಆಮೇಲೆ ಪ್ರತಿ ಚಳಿಗಾಲದ ರಜೆಗೂ ಅದೇ ಗುಡ್ಡ. ಮಕ್ಕಳು ಬೆಳೆದು ಅಮ್ಮನ ತಲೆಗಿಂತ ಎತ್ತರವಾದರು. ದೊಡ್ಡವಳು ಪುಟಾಣಿಗಳ ಶಾಲೆಯಲ್ಲಿ ಟೀಚರ್ ಆದಳು, ಮದುವೆಯಾಗಿ ಊರಿನ ಇನ್ನೊಂದು ತುದಿಗೆ ಹೋದಳು. ಪುಟ್ಟಿ ಒಂದು ಪಾರ್ಲರಿನಲ್ಲಿ ಕೂದಲು ಕತ್ತರಿಸುವ ಕೆಲಸ ಹಿಡಿದು ಅಮ್ಮನ ಜೊತೆಗೇ ಉಳಿದಳು. ಏನೇ ಆದರೂ ಆ ಒಂದು ದಿನ ಮಾತ್ರ ಮೂವರದೇ. ಅಳಿಯನಿಗೂ ಪ್ರವೇಶವಿಲ್ಲ. ಆ ದಿನ ತಪ್ಪಿದರೆ ಮಕ್ಕಳೂ ತಪ್ಪಿದರು ಎಂದು ಆಕೆಗೆ ಒಳಗೊಳಗೇ ಭಯ, ಬಾಯಿ ಬಿಟ್ಟು ಹೇಳಿದವಳಲ್ಲ.

ಈ ವರ್ಷ ಆ ಭಯಕ್ಕೆ ರೆಕ್ಕೆಪುಕ್ಕ ಬಂದಿತ್ತು. ಯಾಕೆಂದರೆ ಇಬ್ಬರು ಹೆಣ್ಣುಮಕ್ಕಳೂ ಪಿಸುಗುಟ್ಟತೊಡಗಿದ್ದರು.

ಪುಟ್ಟಿಯ ಮಾತು ಬಿಡಿ, ಅವಳು ಮೊದಲಿಂದಲೂ ಮೆಲುದನಿಯವಳು. ಆದರೆ ದೊಡ್ಡವಳು? ಅವಳು ಶಾಲೆಯಲ್ಲಿ "ಕೈ ಕಟ್ಟಿ" ಎಂದರೆ ರಸ್ತೆಯಲ್ಲಿ ಹೋಗುವವರೂ ಕೈ ಕಟ್ಟಬೇಕು, ಅಂಥ ಗಂಟಲು. ಅವಳ ಗುಟ್ಟು ಮೂರು ಮನೆಯ ಆಚೆಗೆ ಕೇಳುತ್ತದೆ ಎಂದು ಮನೆಯಲ್ಲಿ ತಮಾಷೆ. ಅಂಥವಳು ಈಗ ಅಡುಗೆಮನೆಯಲ್ಲಿ ಪುಟ್ಟಿಯ ಜೊತೆ ನಿಂತರೆ ಬರೀ ತುಟಿ ಆಡುತ್ತದೆ. ಆಕೆ ಒಳಗೆ ಕಾಲಿಟ್ಟರೆ ಇಬ್ಬರೂ ಒಟ್ಟಿಗೆ ಸುಮ್ಮನಾಗಿ, ಒಟ್ಟಿಗೆ ನಗುತ್ತಾರೆ. ಒಂದು ಸಲ ದೊಡ್ಡವಳು ಆಕೆಯ ಬೆನ್ನ ಹಿಂದೆ ಪಾತ್ರೆಯ ಮುಚ್ಚಳವೊಂದನ್ನು ಬೀಳಿಸಿದಳು. ಬಿದ್ದದ್ದು ದೊಡ್ಡ ವಿಷಯವಲ್ಲ, ಬೀಳಿಸಿದವಳು ಮುಚ್ಚಳ ನೋಡುವುದು ಬಿಟ್ಟು ಅಮ್ಮನ ಮುಖ ನೋಡುತ್ತ ನಿಂತದ್ದು ವಿಷಯ. ಆಕೆಗೆ ಅದು ಕಂಡದ್ದು ಒಲೆಯ ಹಿಂದಿನ ಸ್ಟೀಲ್ ತಟ್ಟೆಯ ಹೊಳಪಿನಲ್ಲಿ.

ಇನ್ನೊಂದು ದಿನ ಪುಟ್ಟಿ, "ಬಾಮ್ಮಾ, ಕೂದಲು ಟ್ರಿಮ್ ಮಾಡ್ತೀನಿ" ಎಂದು ತಾನಾಗಿಯೇ ಕರೆದು ಕೂರಿಸಿದಳು. ಹಬೆಯಾಡುವ ಟವೆಲ್ಲಿಂದ ಕತ್ತು ಒರೆಸಿ ಉಪಚಾರವೋ ಉಪಚಾರ. ಆಕೆ ಕನ್ನಡಿಯಲ್ಲಿ ನೋಡುತ್ತಾಳೆ, ಪುಟ್ಟಿ ಕತ್ತರಿಯನ್ನು ಕಿವಿಯ ಪಕ್ಕ ಕೂದಲೇ ಇಲ್ಲದ ಗಾಳಿಯಲ್ಲಿ ತೆರೆದು ಮುಚ್ಚುತ್ತಿದ್ದಾಳೆ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ.

"ಏನೇ ಅದು, ಗಾಳಿ ಕತ್ತರಿಸ್ತಿದೀಯಾ?"

"ಏನಿಲ್ಲಮ್ಮ, ಕೈ ಅಭ್ಯಾಸ."

ಅವಳ ಕಣ್ಣು ಕೆಂಪಾಗಿತ್ತು. ಪಾರ್ಲರಿನ ಪೌಡರ್ ಇರಬೇಕೆಂದು ಬೇರೆ ಯಾರಾದರೂ ಅಂದುಕೊಳ್ಳುತ್ತಿದ್ದರು. ಚೆಕಿಂಗಮ್ಮ ಅಂದುಕೊಳ್ಳಲಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಮಾರುಕಟ್ಟೆ ಬೀದಿಯಲ್ಲಿ ಕಂಡದ್ದು. ಅಂದು ಆಕೆ ಡ್ಯೂಟಿಯ ಮೇಲೆ ಬಸ್ಸಿನೊಳಗೆ ನಿಂತಿದ್ದಾಗ, ಕೆಲಸಕ್ಕೆ ಹೋಗಿರಬೇಕಾದ ಇಬ್ಬರು ಹೆಣ್ಣುಮಕ್ಕಳೂ ಒಂದು ಹಳೆಯ ಕಟ್ಟಡದ ಬಾಗಿಲಿಂದ ಜೊತೆಯಾಗಿ ಹೊರಬಂದರು. ಪುಟ್ಟಿ ಕಣ್ಣೊರೆಸಿಕೊಳ್ಳುತ್ತಿದ್ದಳು, ದೊಡ್ಡವಳು ಅವಳ ಬೆನ್ನು ಸವರುತ್ತಿದ್ದಳು. ಕಟ್ಟಡದ ಕೆಳಗೆ ಬಾಡಿಗೆ ಮನೆ ಹುಡುಕಿಕೊಡುವ ದಲ್ಲಾಳಿಯ ಕಚೇರಿ ಇರುವುದು ಇಡೀ ಊರಿಗೇ ಗೊತ್ತು. ಬಸ್ಸು ಮುಂದೆ ಹೋಯಿತು. ಸಂಜೆ ಆಕೆ ಏನೂ ಗೊತ್ತಿಲ್ಲದವಳಂತೆ, "ಇವತ್ತು ಕೆಲಸ ಹೇಗಿತ್ತೇ?" ಎಂದಳು. "ಯಾವತ್ತಿನ ಹಾಗೇನೇ" ಎಂದಳು ಪುಟ್ಟಿ.

ಆ ಮಾತಿನಿಂದ ಆಕೆಗೆ ಊಟ ಸೇರಲಿಲ್ಲ. ಪುಟ್ಟಿ ಬೇರೆ ಮನೆ ಮಾಡುತ್ತಾಳೆ, ಅಕ್ಕ ಹುಡುಕಿಕೊಡುತ್ತಿದ್ದಾಳೆ, ಹೇಳುವ ಧೈರ್ಯವಿಲ್ಲದೆ ಗುಸುಗುಸು ನಡೆಸಿದ್ದಾರೆ. ಅಪ್ಪನ ಮಕ್ಕಳೇ ತಾನೇ. ಹೋಗುವುದಾದರೆ ಹೇಳಿ ಹೋಗಲಿ, ಎದುರಿಗೆ ನಿಂತು ಮುಖ ಕೊಟ್ಟು ಹೇಳಿ ಹೋಗಲಿ, ಅಷ್ಟನ್ನೂ ಮಾಡಲಾರರೇ ಎಂದು ಆಕೆಗೆ ದುಃಖಕ್ಕಿಂತ ಸಿಟ್ಟು ಬಂತು. ತಾನಾಗಿ ಕೇಳುವವಳಲ್ಲ ಆಕೆ. ಕೇಳಿದರೆ ಸುಳ್ಳು ಹೇಳುತ್ತಾರೆ, ಹಿಡಿದರೆ ಮಾತ್ರ ನಿಜ ಬರುತ್ತದೆ ಎಂಬುದು ವೃತ್ತಿ ಕಲಿಸಿದ ಪಾಠ. ಗುಡ್ಡದ ದಿನ ಹಿಡಿಯುವುದೆಂದು ನಿಶ್ಚಯಿಸಿಕೊಂಡಳು.

ಗುಡ್ಡದ ದಿನ ಬಂತು. ಬೆಳಗಿನ ಚಳಿಗೆ ಬಸ್ಸಿನ ಕಿಟಕಿಗಳೆಲ್ಲ ಬೆವರಿದ್ದವು. ಆಕೆ ಉಣ್ಣೆ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕಿಟಕಿಯ ಬಳಿ ಕೂತಳು. ಮಕ್ಕಳು ಹಿಂದಿನ ಸೀಟಿನಲ್ಲಿ. ಅದೂ ಹೊಸತೇ, ಯಾವಾಗಲೂ ಮೂವರೂ ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಆಕೆ ಅಂಗೈಯಿಂದ ಗಾಜನ್ನು ಒರೆಸಿ, ಹೊರಗಿನ ಕತ್ತಲ ಮರಗಳ ಮೇಲೆ ಮೂಡಿದ ಇಬ್ಬರ ಮುಖಗಳನ್ನು ನೋಡಿದಳು. ದೊಡ್ಡವಳು ತಂಗಿಯ ಕಡೆ ಬಾಗಿ, "ಇವತ್ತು ಹೇಳಿಬಿಡೋಣ" ಎಂದಳು. ಪುಟ್ಟಿ, "ಮೇಲೆ ಹೋದ್ಮೇಲೆ" ಎಂದಳು. ಆಕೆಗೆ ಎರಡೂ ಸ್ಪಷ್ಟವಾಗಿ ತಿಳಿಯಿತು.

ಸರಿ, ಮೇಲೆ ಹೋದ ಮೇಲೆ. ಚಹಾ ಕುಡಿದು, ಮೊಟ್ಟೆ ತಿಂದು, ಬಾಯಿ ಒರೆಸಿಕೊಂಡು, ಆಮೇಲೆ ಅಮ್ಮನ ಎದೆಗೆ ಒದೆಯುವುದು. ಆಕೆ ಕೈಚೀಲವನ್ನು ಗಟ್ಟಿಯಾಗಿ ಅಪ್ಪಿಕೊಂಡು ಕೂತಳು.

ಬಸ್ಸಿಳಿದ ಮೇಲೆ ಗುಡ್ಡದ ಬುಡದವರೆಗೆ ಸ್ವಲ್ಪ ದೂರ ಡಾಂಬರು ರಸ್ತೆ. ಆಕೆ ಎಂದಿನಂತೆ ಕೊನೆಯಲ್ಲಿ ನಡೆಯುತ್ತಿದ್ದಳು. ಇದ್ದಕ್ಕಿದ್ದಂತೆ ಮುಂದಿದ್ದ ದೊಡ್ಡವಳು ತಿರುಗಿ ಒಂದೇ ಜಿಗಿತಕ್ಕೆ ಬಂದು ಆಕೆಯ ತೋಳು ಹಿಡಿದು ಬದಿಗೆ ಎಳೆದಳು. ಆಕೆ ಮುಗ್ಗರಿಸಿ ಬೇಲಿಗೆ ಆತುಕೊಂಡಳು. ಒಬ್ಬ ಸೈಕಲ್ಲಿನವನು ಆಕೆಯ ತೋಳು ಸವರಿಕೊಂಡೇ ದಾಟಿ ಹೋಗಿ, ಕಾಲೂರಿ ನಿಂತು ತಿರುಗಿ ನೋಡಿದ.

"ಬೆಲ್ ಮಾಡೋಕೆ ನಿನ್ನ ಕೈಗೇನು ರೋಗ ಬಂದಿತ್ತು?" ಎಂದು ಆಕೆ ಗದರಿದಳು.

ಅವನು ಬಾಯಿ ತೆರೆದ. ಅಷ್ಟರಲ್ಲಿ ಪುಟ್ಟಿ ಅವನ ಹತ್ತಿರ ಓಡಿ ಏನೋ ಹೇಳಿ ಕೈ ಮುಗಿದಳು. ಅವನು ಆಕೆಯ ಕಡೆ ಒಮ್ಮೆ ನೋಡಿ, ತಲೆಯಾಡಿಸಿ ಹೊರಟುಹೋದ. ಹೆತ್ತ ತಾಯಿಯನ್ನು ಗುದ್ದಲು ಬಂದವನ ಹತ್ತಿರ ಮಗಳು ಕ್ಷಮೆ ಕೇಳುತ್ತಾಳೆ! ದೊಡ್ಡವಳ ಮುಖ ಮಾತ್ರ ಸುಣ್ಣದ ಹಾಗೆ ಬೆಳ್ಳಗಾಗಿತ್ತು.

"ಅಮ್ಮ, ಇವತ್ತು ನೀನು ಮುಂದೆ ನಡಿ" ಎಂದಳು ದೊಡ್ಡವಳು, ಎದುರಿಗೆ ಬಂದು ನಿಂತು.

"ನಾನಾ? ನಾನು ಯಾವಾಗ ನಿಧಾನ ಆದೆ? ನಿಮ್ಮಿಬ್ಬರನ್ನೂ ಎತ್ತಿಕೊಂಡು ಹತ್ತಿದವಳು ನಾನು."

"ನಿಧಾನ ಅಂತಲ್ಲಮ್ಮ. ಸುಮ್ನೆ. ಒಂದು ಸಲ."

"ಸುಮ್ಮನೆ ಅಂತ ಯಾರೂ ಏನೂ ಹೇಳಲ್ಲ ಕಣೇ" ಎಂದು ಆಕೆ ಅಂದಳಾದರೂ, ಮುಂದೆ ಹೋದಳು. ಕಳ್ಳರಿಗೆ ಸ್ವಲ್ಪ ಸಲಿಗೆ ಕೊಟ್ಟರೆ ತಾವಾಗಿಯೇ ಸಿಕ್ಕಿಬೀಳುತ್ತಾರೆ.

ಹಾದಿ ಏರತೊಡಗಿತು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಬೆಳ್ಳಗೆ ಕೂತಿತ್ತು. ಮುಂದೆ ನಡೆಯುವುದು ಆಕೆಗೆ ಒಗ್ಗದ ಕೆಲಸ. ಎದುರಿಗೆ ಬರೀ ಹಾದಿ, ಇದ್ದವರೆಲ್ಲ ಬೆನ್ನ ಹಿಂದೆ. ಬೆನ್ನಿಗೆ ಕಣ್ಣಿಲ್ಲ. ಮೊದಲೆಲ್ಲ ಈ ಹಾದಿಯಲ್ಲಿ ಹಕ್ಕಿಗಳ ಗಲಾಟೆಗೆ ಮಾತು ಕೇಳುತ್ತಿರಲಿಲ್ಲ, ಈ ಸಲ ಒಂದೂ ಕೂಗುತ್ತಿಲ್ಲ. ಚಳಿ ಜಾಸ್ತಿಯೆಂದು ಅವೂ ಎಲ್ಲಿಗೋ ಹೋಗಿರಬೇಕು, ಎಲ್ಲರೂ ಹೋಗುವವರೇ ಎಂದುಕೊಂಡಳು.

ಹಿಂದಿನಿಂದ ಗುಸುಗುಸು ಶುರುವಾಯಿತು. ಆಕೆ ಥಟ್ಟನೆ ತಿರುಗಿದಳು. ಇಬ್ಬರ ಬಾಯಿಯೂ ಮುಚ್ಚಿತು.

"ಏನದು?"

"ಏನಿಲ್ಲಮ್ಮ, ಕಲ್ಲು ಜಾರುತ್ತೆ ಅಂದೆ" ಎಂದಳು ಪುಟ್ಟಿ.

"ಅದನ್ನ ಪಿಸುಮಾತಲ್ಲಿ ಹೇಳಬೇಕಾ? ಕಲ್ಲು ಕೇಳಿಸಿಕೊಳ್ಳುತ್ತೆ ಅಂತಲಾ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಡಿಪೋದ ಕಂಡಕ್ಟರ್‌ಗಳು ನೋಡಿಕೊಳ್ಳುತ್ತಾರಲ್ಲ, ಅದೇ ನೋಟ. ಆಕೆಯ ಮೈ ಉರಿಯಿತು. ತಿರುಗಿ ನಡೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಗುಸುಗುಸು. ಈ ಸಲ ತಿರುಗಲಿಲ್ಲ. ಟೋಪಿಯ ಅಂಚನ್ನು ಕಿವಿಯ ಮೇಲಿಂದ ಸರಿಸಿ, ಹೆಜ್ಜೆ ನಿಧಾನ ಮಾಡಿ ಆಲಿಸಿದಳು. ಏನೂ ಬಿಡಿಸಿ ತಿಳಿಯಲಿಲ್ಲ. ಒಳ್ಳೆ ತಯಾರಾಗಿದ್ದಾರೆ ಮಕ್ಕಳು, ಅಪ್ಪನಿಗಿಂತ ಜೋರು ಎಂದುಕೊಂಡಳು.

ಅರ್ಧ ಗುಡ್ಡದ ಮೇಲೆ ಒಂದು ತಿರುವು ಬರುತ್ತದೆ, ಹಿಂದೆ ದೊಡ್ಡವಳು ಓಡಿಹೋಗಿ ಕಾಣದಾದ ತಿರುವು. ಅದನ್ನು ದಾಟಿದರೆ ಹಾದಿ ನೇರವಾಗಿ ಬಹಳ ದೂರದವರೆಗೆ ಕಾಣುತ್ತದೆ. ಒಂದು ಬದಿಗೆ ಇಳಿಜಾರು, ಕೆಳಗೆ ಮಂಜು. ಇನ್ನೊಂದು ಬದಿಗೆ ಸ್ವಲ್ಪ ಮೇಲೆ ದೊಡ್ಡ ಬಂಡೆಗಳು. ಆಕೆ ತಿರುವು ತಲುಪಿ ಓರೆಗಣ್ಣಿನಿಂದ ನೋಡಿದಳು. ಪುಟ್ಟಿಯ ಶೂ ಲೇಸ್ ಬಿಚ್ಚಿಕೊಂಡಿತ್ತು, ಅವಳು ಬಗ್ಗಿ ಕಟ್ಟಿಕೊಳ್ಳುತ್ತಿದ್ದಳು, ದೊಡ್ಡವಳು ಪಕ್ಕದಲ್ಲಿ ನಿಂತು ಏನೋ ಹೇಳುತ್ತಿದ್ದಳು.

ಸ್ಟಾಪಿಗಿಂತ ಸ್ವಲ್ಪ ಮುಂಚೆ, ಮರೆಯಲ್ಲಿ. ಆಕೆಯ ಕಾಲುಗಳಿಗೆ ಕೆಲಸ ಹೇಳಿಕೊಡಬೇಕಾಗಿರಲಿಲ್ಲ. ತಿರುವು ದಾಟಿ, ಹುಲ್ಲು ಹಿಡಿದುಕೊಂಡು ಮೇಲಕ್ಕೆ ಹತ್ತಿ, ದೊಡ್ಡ ಬಂಡೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತಳು. ಎರಡು ಬಂಡೆಗಳ ನಡುವಿನ ಸಂದಿಯಿಂದ ಹಾದಿ ಚೆನ್ನಾಗಿ ಕಾಣುತ್ತಿತ್ತು. ಅಮ್ಮ ಮುಂದೆ ಹೋಗಿದ್ದಾಳೆಂದು ಗಂಟಲು ಬಿಟ್ಟು ಮಾತಾಡುತ್ತ ಬರುತ್ತಾರೆ, ಎಲ್ಲ ಕೇಳಿಸಿಕೊಂಡು, ಎದ್ದು ನಿಂತು, "ಟಿಕೆಟ್" ಎನ್ನುವುದು. ಆ ಯೋಚನೆಗೆ ಆಕೆಗೆ ನಗುವೇ ಬಂತು. ಸರಿಯಾಗಿ ಕೇಳಿಸಲೆಂದು ಟೋಪಿಯನ್ನೇ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. ಕಿವಿಗಳು ಚಳಿಗೆ ಉರಿದವು.

ಮಕ್ಕಳು ತಿರುವು ದಾಟಿ ಬಂದರು. ನಾಲ್ಕು ಹೆಜ್ಜೆ ಮಾತಾಡುತ್ತಲೇ ನಡೆದರು. ತುಟಿ ಆಡುವುದು ಕಂಡಿತು, ಮಾತು ಕೇಳಲಿಲ್ಲ. ಆಮೇಲೆ ಪುಟ್ಟಿ ತಲೆಯೆತ್ತಿ ಹಾದಿ ನೋಡಿದಳು. ನೇರವಾದ ಉದ್ದನೆಯ ಖಾಲಿ ಹಾದಿ. ಅವಳು ಅಕ್ಕನ ತೋಳು ಹಿಡಿದುಕೊಂಡಳು. ಇಬ್ಬರೂ ನಿಂತರು. ದೊಡ್ಡವಳು ಇಳಿಜಾರಿನ ಅಂಚಿಗೆ ಓಡಿ ಕೆಳಗಿನ ಮಂಜನ್ನು ನೋಡಿದಳು. ಆಮೇಲೆ ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದು, ಬಂಡೆಗಳ ಕಡೆಗೆ ಮುಖ ಮಾಡಿ, "ಅಮ್ಮಾ" ಎಂದಳು.

ಪಿಸುಮಾತಿನಲ್ಲಿ.

ಚೆಕಿಂಗಮ್ಮನಿಗೆ ಅರ್ಥವಾಗಲಿಲ್ಲ. ದೊಡ್ಡವಳ ಬಾಯಿ ಅಗಲವಾಗಿ ತೆರೆದಿತ್ತು. ಕತ್ತಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಮುಖ ಕೆಂಪಾಗಿ, ಕೂಗಿನ ರಭಸಕ್ಕೆ ಮೈ ಮುಂದಕ್ಕೆ ಬಾಗಿತ್ತು. ಆ ಬಾಯಿಯಿಂದ ಬಂದು ಆಕೆಯ ಕಿವಿ ತಲುಪಿದ್ದು ಗೋಡೆಯಾಚೆಯ ಮನೆಯಲ್ಲಿ ಯಾರೋ ಯಾರಿಗೋ ಗುಟ್ಟು ಹೇಳಿದಷ್ಟು ಸದ್ದು. ಪುಟ್ಟಿಯೂ ಕೂಗಿದಳು. ಅವಳ ಬಾಯಿ ತೆರೆದು ಮುಚ್ಚಿತು, ಏನೂ ಬರಲಿಲ್ಲ. ಮತ್ತೆ ದೊಡ್ಡವಳು. ಪಕ್ಕದ ಗಿಡದಿಂದ ಒಂದಷ್ಟು ಹಕ್ಕಿಗಳು ಆ ಕೂಗಿಗೆ ಬೆದರಿ ಒಟ್ಟಿಗೆ ಎದ್ದು ಹಾರಿದವು. ಅಷ್ಟು ಹಕ್ಕಿಗಳು ಅಷ್ಟು ಹತ್ತಿರದಲ್ಲಿ ಇದ್ದವು.

ಆಕೆ ಮಡಿಲಿನ ಟೋಪಿಯನ್ನು ನೋಡಿದಳು. ಕಿವಿಯ ಮೇಲೆ ಕೈಯಿಟ್ಟು ನೋಡಿದಳು, ಟೋಪಿ ಅಲ್ಲಿರಲಿಲ್ಲ. ಬಾಯಲ್ಲಿ ಏನೋ ಇಟ್ಟುಕೊಂಡು ಮಾತಾಡುವ ಕಂಡಕ್ಟರ್‌ಗಳು, ಕಳ್ಳಬೆಕ್ಕಿನಂಥ ಬಸ್ಸುಗಳು, ಬೆಲ್ ಮಾಡದ ಸೈಕಲ್ಲು, ಸದ್ದಿಲ್ಲದೆ ಬಿದ್ದ ಮುಚ್ಚಳ, ಗಾಳಿಯಲ್ಲಿ ಆಡುತ್ತಿದ್ದ ಕತ್ತರಿ. ಒಂದೊಂದಾಗಿ ಅಲ್ಲ, ಎಲ್ಲವೂ ಒಟ್ಟಿಗೇ ಬಂದು ಆಕೆಯ ಮುಂದೆ ನಿಂತವು. ಬಸ್ಸಿನ ಗಾಜಿನಲ್ಲಿ ಆ ಮಾತುಗಳನ್ನು ತಾನು ಕೇಳಿರಲಿಲ್ಲ, ತುಟಿಗಳಲ್ಲಿ ನೋಡಿದ್ದು ಎಂಬುದೂ ಆಗ ಹೊಳೆಯಿತು.

ಯಾರೂ ಪಿಸುಗುಟ್ಟುತ್ತಿರಲಿಲ್ಲ.

ಕಿವಿ ಹೋಯಿತೆಂದು ತಿಳಿದವರಿಗೆ ಮೊದಲು ದುಃಖವಾಗಬೇಕು. ಆಕೆಗೆ ಮೊದಲು ಆದದ್ದು ಸಂತೋಷ. ಹೇಳಿಕೊಳ್ಳಲು ನಾಚಿಕೆಯಾಗುವಂಥ, ಬಂಡೆಯ ಹಿಂದೆ ಒಬ್ಬಳೇ ಬಾಯಿ ಮುಚ್ಚಿಕೊಂಡು ನಗುವಂಥ ಸಂತೋಷ. ಹೋಗುವವರು ಯಾರಾದರೂ ಹೀಗೆ ಗಂಟಲು ಹರಿದುಕೊಂಡು ಕೂಗುತ್ತಾರೆಯೇ? ದುಃಖ ಬಂದದ್ದು ಅದರ ಹಿಂದೆ, ಪುಟ್ಟಿ ಹಾದಿಯ ಮೇಲೆ ಕುಸಿದು ಕೂತದ್ದು ಕಂಡಾಗ.

ಆಕೆ ಎದ್ದು ನಿಂತಳು. ಜೋಮು ಹಿಡಿದ ಕಾಲಿಗೆ ಹುಲ್ಲಿನ ಮೇಲೆ ಜಾರಿ, ಅರ್ಧ ಕೂತು ಅರ್ಧ ನಿಂತು ಹಾದಿಗೆ ಬಂದಳು. ದೊಡ್ಡವಳು ಓಡಿಬಂದು ಭುಜ ಹಿಡಿದು ಅಲುಗಾಡಿಸಿದಳು. ಅವಳು ಎಷ್ಟು ಹತ್ತಿರ ನಿಂತಿದ್ದಳೆಂದರೆ ಪ್ರತಿ ಮಾತೂ ಮುಖಕ್ಕೆ ಬಡಿಯುತ್ತಿತ್ತು.

"ಎಲ್ಲಿ ಹೋಗಿದ್ದೆ ನೀನು? ಆ ಇಳಿಜಾರು ನೋಡಿ ನಮಗೆ ಪ್ರಾಣ ಹೋಗಿತ್ತು! ಅಷ್ಟು ಕೂಗ್ತಿದೀವಿ, ಒಂದು 'ಓ' ಅನ್ನೋಕೆ ಆಗಲ್ವಾ?"

ಅಂದ ಕೂಡಲೇ ಅವಳು ತನ್ನ ಬಾಯಿ ಮುಚ್ಚಿಕೊಂಡಳು.

"ಕೇಳಿಸಲಿಲ್ಲ ಕಣೇ" ಎಂದಳು ಆಕೆ. ಆ ಮಾತನ್ನು ಜೀವನದಲ್ಲಿ ಎಷ್ಟೋ ಜನರ ಬಾಯಿಂದ ಕೇಳಿ, ಒಬ್ಬರನ್ನೂ ನಂಬಿದವಳಲ್ಲ. "ನಿಜವಾಗಲೂ ಕೇಳಿಸಲಿಲ್ಲ."

ಮೂವರೂ ಹಾದಿಯ ಅಂಚಿನಲ್ಲಿ ಕೂತರು. ಗುಡ್ಡದ ತುದಿಗೆ ಕಾಯದೆ ಪುಟ್ಟಿ ಅಲ್ಲೇ ಫ್ಲಾಸ್ಕ್ ತೆಗೆದಳು. ಚಹಾ ಸುರಿಯುವಾಗ ಅರ್ಧ ಹುಲ್ಲಿಗೆ ಹೋಯಿತು. ಆಕೆ ಒಬ್ಬೊಬ್ಬರ ಮುಖವನ್ನೂ ನೋಡಿದಳು.

"ಯಾವಾಗಿಂದ ಗೊತ್ತು ನಿಮಗೆ?"

"ಮೊದಲು ನೀನು ಬೇಕಂತಲೇ ಹಾಗೆ ಮಾಡ್ತೀಯ ಅಂದ್ಕೊಂಡಿದ್ವಿ" ಎಂದಳು ಪುಟ್ಟಿ, ಆಕೆಯ ಎದುರಿಗೆ ಮಂಡಿಯೂರಿ. "ಜಾಣಕಿವುಡು ಅಂತ. ಆಮೇಲೆ ಅಕ್ಕ ಮುಚ್ಚಳ ಬೀಳಿಸಿದಳು, ನೀನು ತಿರುಗಲೇ ಇಲ್ಲ. ನಾನು ಕತ್ತರಿ ಆಡಿಸಿ ನೋಡಿದೆ."

"ಹೇಳೋಕೆ ಏನಾಗಿತ್ತು?"

"ನಿನಗಾ?" ಎಂದಳು ದೊಡ್ಡವಳು. "ಚಳಿ ಇದೆ ಟೋಪಿ ಹಾಕ್ಕೋ ಅಂದ್ರೆ, ಯಾಕೆ ಹೇಳ್ತಿದೀಯಾ ಅಂತ ಕೇಳೋಳು ನೀನು. ಕೆಲಸ ಬಿಡಿಸೋಕೆ ಪ್ಲಾನ್ ಮಾಡಿದಾರೆ ಅಂತೀಯ ಅಂತ ಭಯ."

ಅದು ಸುಳ್ಳಲ್ಲ. ಆಕೆ ಹಾಗೇ ಅನ್ನುತ್ತಿದ್ದಳು. ಆದರೂ ಹಿಡಿದಿಟ್ಟುಕೊಂಡಿದ್ದ ಕೊನೆಯ ಸಾಕ್ಷಿಯನ್ನೂ ಹೊರಗೆ ತೆಗೆದಳು.

"ಮಾರುಕಟ್ಟೆ ಬೀದೀಲಿ ನೋಡಿದೆ ನಿಮ್ಮಿಬ್ಬರನ್ನೂ. ಆ ಮನೆ ದಲ್ಲಾಳಿ ಕಟ್ಟಡದಿಂದ ಬರ್ತಿದ್ರಿ. ಪುಟ್ಟಿ ಅಳ್ತಿದ್ದಳು."

"ಅದರ ಮೇಲಿನ ಮಹಡೀಲಿ ಕಿವಿ ಡಾಕ್ಟರ್ ಇದಾರಮ್ಮ" ಎಂದಳು ಪುಟ್ಟಿ. "ನಿನ್ನನ್ನ ಹೇಗೆ ಕರ್ಕೊಂಡು ಬರೋದು ಅಂತ ಕೇಳೋಕೆ ಹೋಗಿದ್ವಿ. ಪ್ರೀತಿಯಿಂದ ಹೇಳಿ, ಕೇಳ್ತಾರೆ ಅಂದ್ರು. ಅವರಿಗೇನು ಗೊತ್ತು ನಿನ್ನ ವಿಷಯ. ಅದಕ್ಕೇ ಅಳು ಬಂತು."

ಆಕೆ ಚಹಾ ಕುಡಿದಳು. ಆರಿಹೋಗಿತ್ತು. ಲೋಟವನ್ನು ಕೆಳಗಿಟ್ಟು, ಇಬ್ಬರ ಬಾಯಿಯನ್ನೂ ಒಟ್ಟಿಗೆ ನೋಡಲು ಆಗುವ ಹಾಗೆ ಸ್ವಲ್ಪ ಹಿಂದಕ್ಕೆ ಸರಿದು ಕೂತಳು.

"ಹಾಗಾದ್ರೆ ಯಾರೂ ಬಿಟ್ಟು ಹೋಗ್ತಿಲ್ವಾ?"

ಮಕ್ಕಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಪುಟ್ಟಿ ಅಮ್ಮನ ಮಡಿಲಲ್ಲಿ ಮುಖ ಇಟ್ಟುಬಿಟ್ಟಳು. ದೊಡ್ಡವಳು ಮೂಗು ಒರೆಸಿಕೊಂಡಳು.

"ಎಲ್ಲಿಗೆ ಹೋಗೋದಮ್ಮ? ನಿನ್ನ ಕೂಗಿ ಕೂಗಿ ಗಂಟಲೇ ಹೋಗಿದೆ ನಂಗೆ."

ಆ ದಿನ ತುದಿಯವರೆಗೆ ಹತ್ತಲಿಲ್ಲ. ಮೊಟ್ಟೆ ಸುಲಿದು, ಸಿಪ್ಪೆಯನ್ನು ಕಾಗದದಲ್ಲಿ ಕಟ್ಟಿಕೊಂಡು ಅಲ್ಲಿಂದಲೇ ಇಳಿಯುವುದೆಂದಾಯಿತು. ನಾಳಿದ್ದು ಮೂವರೂ ಜೊತೆಯಾಗಿ ಡಾಕ್ಟರ ಬಳಿ ಹೋಗುವುದೆಂದೂ ಆಯಿತು. ಆ ಡಾಕ್ಟರರಿಗೂ ಮನೆ ದಲ್ಲಾಳಿಗೂ ಏನು ಸಂಬಂಧ, ಯಾಕೆ ಒಂದೇ ಕಟ್ಟಡದಲ್ಲಿದ್ದಾರೆ ಎಂದು ಆಕೆ ಕೇಳದೆ ಇರಲಿಲ್ಲ. ಎದ್ದು ನಿಂತು ಟೋಪಿ ಹಾಕಿಕೊಂಡಳು. ಯಾರೂ ಹೇಳುವ ಮೊದಲೇ ಇಬ್ಬರನ್ನೂ ದಾಟಿ ಹಾದಿಯ ಮುಂದಕ್ಕೆ ಹೋದಳು. ಕಾನೂನು ಮಾಡಿದವಳೇ ಅದನ್ನು ಮುರಿಯುವುದು ಸರಿಯಲ್ಲ.

ಆದರೆ ನಾಲ್ಕು ಹೆಜ್ಜೆ ನಡೆದು ನಿಂತಳು. ಬೆನ್ನ ಹಿಂದೆ ಏನೂ ಇಲ್ಲ. ಹೆಜ್ಜೆಯ ಸದ್ದಿಲ್ಲ, ಮಾತಿಲ್ಲ, ಗುಸುಗುಸುವೂ ಇಲ್ಲ. ತಿರುಗಿ ನೋಡಿದಳು, ಇಬ್ಬರೂ ಅಲ್ಲೇ ಇದ್ದರು. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗಿ ನೋಡಿದಳು. ಪುಟ್ಟಿಗೆ ಅರ್ಥವಾಯಿತು. ತನ್ನ ಕತ್ತಿನ ಉದ್ದನೆಯ ಮಫ್ಲರ್ ಬಿಚ್ಚಿ, ಒಂದು ತುದಿಯನ್ನು ಅಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ತನ್ನ ಮುಷ್ಟಿಗೆ ಸುತ್ತಿಕೊಂಡಳು. ದೊಡ್ಡವಳು ತಂಗಿಯ ಭುಜದ ಮೇಲೆ ಕೈಯಿಟ್ಟಳು.

ಹೀಗೆ ಮೂವರೂ ಇಳಿದರು. ಬಿಸಿಲು ಬಂದು ಇಬ್ಬನಿ ಕರಗುತ್ತಿತ್ತು. ಆಕೆ ಇನ್ನು ಹಿಂದೆ ತಿರುಗಲಿಲ್ಲ. ಆದರೆ ಚೆಕಿಂಗ್ ಕೆಲಸ ಅಷ್ಟು ಸುಲಭವಾಗಿ ಬಿಡುತ್ತದೆಯೇ? ಆಗಾಗ, ಯಾರಿಗೂ ಕಾಣದ ಹಾಗೆ, ಮಫ್ಲರನ್ನು ಮೆಲ್ಲಗೆ ಒಮ್ಮೆ ಎಳೆದು ನೋಡುತ್ತಿದ್ದಳು. ಪ್ರತಿ ಸಲವೂ ಹಿಂದಿನಿಂದ ಒಂದು ಎಳೆತ ಬರುತ್ತಿತ್ತು.